ಕೂಲಿ ಬಿಟ್ಟು ಕೋರ್ಟಿಗೆ

ಕಾವ್ಯವನ್ನು ಓದಿದ ಹಾಗೆ ಕಾನೂನು ಕಾಲೇಜಿನ ನಿಯಮವನ್ನೂ ನಾವು ಓದಬೇಕು: ಅದು ಯಾರನ್ನು ಹೊರಗೆ ನಿಲ್ಲಿಸುತ್ತದೆ?

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ತರಬೇತಿ ಕಡ್ಡಾಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೇರಿಗಳಿಂದ ಜನ ಬೇಸಿಗೆಗೆ ಗೋವಾ, ಪುಣೆಗೆ ದುಡಿಯಾಕ ಹೋಗುತ್ತಾರೆ. ಅಂಥ ಮನೆಯ ವಿದ್ಯಾರ್ಥಿ ಪಗಾರವಿಲ್ಲದೆ ವಾರಗಟ್ಟಲೆ ಕೋರ್ಟಿನಲ್ಲಿ ನಿಂತರೆ ಮನಿ ನಡಿಯೋದು ಹ್ಯಾಂಗ? ಸಮಾಜ ಕಲ್ಯಾಣ ಇಲಾಖೆ ವಕೀಲಿ ತರಬೇತಿಗೆ ಕೊಡುವ ಶಿಷ್ಯವೇತನ ಪದವಿ ಮುಗಿದವರಿಗೆ.

ಇತ್ತ ಕೇರಿಯಲ್ಲಿ ಕೆಲಸ ಕಾದಿದೆ. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಂತೆ ಬಾಯಿಮಾತಿನ ದೂರನ್ನು ಬರೆದುಕೊಂಡ ಪೊಲೀಸರು ಸಹಿಗೆ ಮೊದಲು ಓದಿ ಹೇಳಬೇಕು. 60 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟರಿಗೆ, ವರಮಾನ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗಬೇಕು. ಇದನ್ನು ನಮ್ಮ ಮಾತಿನಲ್ಲಿ ತಿಳಿಸುವವರು, ಆ 60 ದಿನ ಎಣಿಸುವವರು ಬೇಕು.

ಅಂಬೇಡ್ಕರರನ್ನು 1913ರಲ್ಲಿ ಅಮೆರಿಕೆಗೆ ಕಳಿಸಿದ್ದು ಬರೋಡ ಸಂಸ್ಥಾನದ ಶಿಷ್ಯವೇತನ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ಬಿಟ್ಟುಬಂದ ಕೂಲಿಯಷ್ಟಾದರೂ ಬೇಸಿಗೆ ವೇತನ ಕೊಡಿ ಅಂತ ನಾನು ಕೇಳುತ್ತೇನೆ. ಸಂಘಟನೆಗಳ ಮುಂದಿನ ಮನವಿಪತ್ರದಲ್ಲಿ ಈ ಮಾತೂ ಬರಲಿ.