ಅರಿಯದ ಸೂಚನೆ ಬಂದಾಗ ಗಣಕಯಂತ್ರವೇನು ಮಾಡಬೇಕು?

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಾರಿ ಬರುತ್ತವೆ. 2024ರಲ್ಲಿ ಈ ಕೆರೆಯು ರಾಮ್ಸರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಯನ್ನು ಸೇರಿತು. ಆ ಹಕ್ಕಿಗಳ ಹಲವು ವರ್ಷಗಳ ಚಿತ್ರಗಳು ನಮ್ಮ ಗಣಕಯಂತ್ರದಲ್ಲಿಯೂ ಅವುಗಳ ಪ್ರತಿ ಮತ್ತೊಂದು ಡಿಸ್ಕಿನಲ್ಲಿಯೂ ಇವೆಯೆಂದು ಭಾವಿಸೋಣ. ಒಂದು ವರ್ಷದ ಚಿತ್ರಗಳು ಮೂಲದಿಂದ ಅಳಿಸಿಹೋಗಿವೆ; ಅದು ನಮಗೆ ತಿಳಿದಿಲ್ಲ.

ಎರಡು ಕಡೆಯ ಕಡತಗಳನ್ನು ಸರಿಸಮಮಾಡಲು 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಅವರು ಹೊರತಂದ 'ಆರ್‌ಸಿಂಕ್' ಎಂಬ ತಂತ್ರಾಂಶವಿದೆ. ಅದರ ಹೆಸರನ್ನು ಟೈಪುಮಾಡಿ, ಮುಂದೆ ಅಡ್ಡಗೆರೆಗಳೊಡನೆ ಸೂಚನೆಗಳನ್ನು ಕೊಡುತ್ತೇವೆ. ಇವುಗಳಿಗೆ 'ಆಪ್ಷನ್' ಎಂದು ಹೆಸರು. 'ಡಿಲೀಟ್' ಎಂಬ ಆಪ್ಷನ್, ಮೂಲದಲ್ಲಿಲ್ಲದ್ದನ್ನು ಪ್ರತಿಯಿಂದಲೂ ಅಳಿಸೆನ್ನುತ್ತದೆ. 'ಡ್ರೈ-ರನ್' ಎಂಬುದು, ಏನನ್ನೂ ಮುಟ್ಟದೆ ಏನಾಗುವುದೆಂಬುದನ್ನು ಮಾತ್ರ ತೋರಿಸೆನ್ನುತ್ತದೆ. ನಾವು ಎರಡನ್ನೂ ಕೊಟ್ಟೆವು. ಆದರೆ ಎರಡನೆಯದರ ನಡುವಣ ಅಡ್ಡಗೆರೆಯನ್ನು ಮರೆತೆವು. ಈಗ 'ಡ್ರೈರನ್' ಎಂಬುದು ಯಂತ್ರಕ್ಕೆ ಅಪರಿಚಿತ.

ಅರಿಯದ್ದನ್ನು ಬಿಟ್ಟು ಅರಿತದ್ದನ್ನು ಮಾಡಿದರಾಗದೆ? ಆಗದು. ಉಳಿಯುವುದು 'ಡಿಲೀಟ್' ಒಂದೇ. ಹಕ್ಕಿಗಳ ಕೊನೆಯ ಚಿತ್ರಗಳೂ ಮಾಯವಾಗುತ್ತವೆ. ಬಿಟ್ಟ ಸೂಚನೆಯು ಬರಿಯ ಅಲಂಕಾರವೋ, ಕೈ ತಡೆಯುವ ಎಚ್ಚರಿಕೆಯೋ ಎಂಬುದನ್ನು ತಂತ್ರಾಂಶವು ನಿರ್ಣಯಿಸಲಾರದು; ಏಕೆಂದರೆ ಅದು ಆ ಸೂಚನೆಯನ್ನೇ ಅರಿಯದು. ಆದ್ದರಿಂದ ಆರ್‌ಸಿಂಕ್ ಕೆಲಸವನ್ನು ಆರಂಭಿಸದೆಯೇ ನಿಲ್ಲುತ್ತದೆ. ಅರಿಯದ ಆಪ್ಷನ್ನಿನ ಹೆಸರು ಹೇಳಿ, 1 ಎಂಬ ಸಂಖ್ಯೆಯೊಡನೆ ಮುಗಿಯುತ್ತದೆ. ಸೊನ್ನೆಯೆಂದರೆ ಯಶಸ್ಸು, ಬೇರೆ ಸಂಖ್ಯೆಯೆಂದರೆ ತೊಡಕು. ನಾವು ಮಲಗಿರುವಾಗ ತಾನಾಗಿ ನಡೆಯುವ ಕೆಲಸಗಳಿಗೆ ಈ ಸಂಖ್ಯೆಯೇ ಸಾಕ್ಷಿ.

ಸಿ ಭಾಷೆಯಲ್ಲಿ ಆಪ್ಷನ್‌ಗಳನ್ನು ಓದಿಕೊಡುವ 'ಗೆಟ್‌ಆಪ್ಟ್' ಎಂಬ ಸಾಧನವು, ಅರಿಯದ ಅಕ್ಷರವನ್ನು ಕಂಡೊಡನೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಿಂದಿರುಗಿಸುತ್ತದೆ. ಆದರೆ ನಿಲ್ಲಿಸುವ ಹೊಣೆ ಅದರದಲ್ಲ, ತಂತ್ರಾಂಶವನ್ನು ಬರೆದವರದು. ಆ ಚಿಹ್ನೆಯನ್ನು ಗಮನಿಸದೆ ಮುಂದುವರಿಯುವ ತಂತ್ರಾಂಶವನ್ನು ನಂಬಲಾಗದು.

ಅರಿಯದ್ದನ್ನು ತಡೆಯದೆ ದಾಟಿಸಬೇಕಾದ ಸಂದರ್ಭವೂ ಉಂಟು. ಒಂದು ತಂತ್ರಾಂಶವು ಇನ್ನೊಂದನ್ನು ನಡೆಸುವಾಗ, ತನಗೆ ಸೇರದ ಆಪ್ಷನ್‌ಗಳನ್ನು ಅದಕ್ಕೆ ಒಪ್ಪಿಸಬೇಕಾಗುತ್ತದೆ. ಇದಕ್ಕಾಗಿ ಪೈಥಾನ್ ಭಾಷೆಯ 'ಆರ್ಗ್‌ಪಾರ್ಸ್' ಅರಿತವನ್ನೂ ಅರಿಯದವನ್ನೂ ಬೇರೆಬೇರೆಯಾಗಿ ಕೊಡಬಲ್ಲದು. ಅಲ್ಲಿಯೂ ಅವು ಕಸವಾಗುವುದಿಲ್ಲ. ಅವನ್ನು ಅರಿಯಬಲ್ಲವರ ಕೈಸೇರುತ್ತವೆ.

ಮನೆಯ ಆಳಿಗೆ ಹೇಳಿದ ಮಾತಿನಲ್ಲಿ ಒಂದು ಪದ ತಿಳಿಯದಿದ್ದರೆ, ಆತ ಮರಳಿ ಬಂದು ಕೇಳುತ್ತಾನೆ. ಯಂತ್ರದಿಂದಲೂ ನಾವು ಬಯಸತಕ್ಕದ್ದು ಅಷ್ಟೆ.