ಸಿಡಿದ ಸಾಸಿವೆ, ಅರೆದ ಸಾಸಿವೆ

ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯನ್ನು ಎಷ್ಟು ಅಗಿದರೂ ಘಾಟು ಮೂಗಿಗೇರುವುದಿಲ್ಲ. ಅದೇ ಕಾಳನ್ನು ತೆಂಗಿನತುರಿಯ ಜೊತೆ ಹಸಿಯಾಗಿ ಅರೆದು ಮಾವಿನಹಣ್ಣಿನ ಸಾಸಿವೆ ಮಾಡಿದರೆ ಮೊದಲ ತುತ್ತಿಗೇ ನೆತ್ತಿ ಜುಮ್ಮೆನ್ನುತ್ತದೆ. ಕಾಳು ಒಂದೇ, ಕಾದ ಎಣ್ಣೆ ಅದರೊಳಗಿನ ಏನನ್ನೋ ಕೊಂದಿದೆ. ಅದೇನೆಂದು ಹುಡುಕುತ್ತ ಹೊರಟರೆ ದಾರಿ ನಮ್ಮ ರಕ್ತನಾಳದ ಜೀವಕೋಶಗಳಿಗೆ, ಅಲ್ಲಿನ ಜೀನ್‌ಗಳಿಗೆ ಹೋಗಿ ಮುಟ್ಟುತ್ತದೆ.

ಸಾಸಿವೆ, ಮೂಲಂಗಿ, ಎಲೆಕೋಸು, ನವಿಲುಕೋಸು, ಬ್ರೊಕೊಲಿ ಒಂದೇ ಕುಟುಂಬದವು. ಇವುಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿ ಕೂತಿರುತ್ತವೆ. ಹುಳು ಕಡಿದಾಗ ಅಥವಾ ನಾವು ಹೆಚ್ಚಿದಾಗ ಎರಡೂ ಕೂಡಿ ಘಾಟು ಹುಟ್ಟುತ್ತದೆ. ಬಿಸಿ ಕೊಲ್ಲುವುದು ಈ ಕಿಣ್ವವನ್ನು. ಬ್ರೊಕೊಲಿಯಲ್ಲಿ ಹೀಗೆ ಹುಟ್ಟುವ ಸಲ್ಫೊರಾಫೇನ್ ಅನ್ನು 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಲೇ ತಂಡ ಬೇರ್ಪಡಿಸಿತು.

ಸಲ್ಫೊರಾಫೇನ್ ಡಿಎನ್‌ಎಯ ಒಂದಕ್ಷರವನ್ನೂ ತಿದ್ದುವುದಿಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದಷ್ಟೇ ಅದರಿಂದ ಬದಲಾಗುತ್ತದೆ. ನಮ್ಮ ಜೀವಕೋಶಗಳು ಎನ್‌ಆರ್‌ಎಫ್‌2 ಎಂಬ ಪ್ರೊಟೀನನ್ನು ಸದಾ ತಯಾರಿಸುತ್ತಲೇ ಇರುತ್ತವೆ. ಕೀಪ್‌1 ಎಂಬ ಇನ್ನೊಂದು ಪ್ರೊಟೀನು ಅದನ್ನು ಹಿಡಿದು, ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಒಡೆದುಹಾಕಲು ಕಳಿಸುತ್ತದೆ. ಸಲ್ಫೊರಾಫೇನ್ ಬಂದು ಕೀಪ್‌1ಗೆ ಅಂಟಿಕೊಂಡರೆ ಅದರ ಹಿಡಿತ ಸಡಿಲಾಗುತ್ತದೆ. ಬಚಾವಾದ ಎನ್‌ಆರ್‌ಎಫ್‌2 ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಕೂತು, ಗ್ಲುಟಾಥಯೋನ್‌ನಂಥ ರಕ್ಷಕ ವಸ್ತುಗಳನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಸೋಜಿಗವೆಂದರೆ, ಹುಳು ಓಡಿಸಲು ಗಿಡ ಮಾಡಿಕೊಂಡ ವಿಷ ಇದು. ನಮ್ಮ ಕೋಶವೂ ಅದನ್ನು ವಿಷವೆಂದೇ ತಿಳಿದು ಕಾವಲು ಬಿಗಿ ಮಾಡುತ್ತದೆ.

ಹೃದಯಕ್ಕೆ ಇದರ ನಂಟು ಎಲ್ಲಿ? ಎಲ್‌ಡಿಎಲ್ ಕೊಲೆಸ್ಟರಾಲ್ ರಕ್ತನಾಳದ ಗೋಡೆಯೊಳಗೆ ಸಿಕ್ಕಿಕೊಂಡು ಆಕ್ಸಿಡೀಕರಣಗೊಂಡಾಗ ಬಿಳಿರಕ್ತಕಣಗಳು ಅದನ್ನು ನುಂಗಿ ಉಬ್ಬುತ್ತವೆ. ಕೊಬ್ಬಿನ ಗಡ್ಡೆ ಶುರುವಾಗುವುದು ಅಲ್ಲಿ. ರಕ್ಷಕ ಜೀನ್‌ಗಳು ಈ ಆಕ್ಸಿಡೀಕರಣವನ್ನು ತಗ್ಗಿಸಬಲ್ಲವು. ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಮನುಷ್ಯರಲ್ಲಿ ಹೃದಯಾಘಾತ ತಪ್ಪಿದೆ ಎನ್ನಲು ಸಾಕ್ಷ್ಯವಿಲ್ಲ. ಹಾಗಾಗಿ ಬ್ರೊಕೊಲಿ ಕ್ಯಾಪ್ಸೂಲಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಎಲ್‌ಡಿಎಲ್ ಇಳಿಸುವುದು ಮನುಷ್ಯರಲ್ಲೇ ಸಾಬೀತಾದದ್ದು ಬೇಕಿದ್ದರೆ ಓಟ್ಸ್, ಬಾರ್ಲಿಯ ಲೋಳೆನಾರನ್ನು ನೋಡಬೇಕು. ಅದು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ತನ್ನ ಕೊಲೆಸ್ಟರಾಲನ್ನು ಖರ್ಚು ಮಾಡಿ, ದಾಸ್ತಾನು ಇಳಿದೊಡನೆ ಎಲ್‌ಡಿಎಲ್ ಗ್ರಾಹಕದ ಜೀನ್‌ಗೆ ಚಾಲನೆ ಕೊಟ್ಟು, ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಆ ಗ್ರಾಹಕವನ್ನು ಪತ್ತೆಮಾಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಸಿಕ್ಕಿತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಎಬ್ಬಿಸುವುದೂ ಇದೇ ಜೀನನ್ನು, ಆದರೆ ಬಹಳ ಜೋರಾಗಿ. ನಾರು ತಿನ್ನುತ್ತೇನೆಂದು ಡಾಕ್ಟರು ಬರೆದ ಮಾತ್ರೆಯನ್ನು ಬಿಡುವಂತಿಲ್ಲ.

ಇನ್ನು ಅಡುಗೆಮನೆಗೆ. ಕೋಸನ್ನು ಹೆಚ್ಚಿದೊಡನೆ ಬಾಣಲೆಗೆ ಸುರಿಯಬೇಡಿ. ಅರ್ಧ ಗಂಟೆ ಹಾಗೇ ಬಿಟ್ಟರೆ ಕಿಣ್ವಕ್ಕೆ ಕೆಲಸ ಮುಗಿಸಲು ಸಮಯ ಸಿಗುತ್ತದೆ. ನೀರಿನಲ್ಲಿ ಕುದಿಸಿ ಬಸಿಯುವುದಕ್ಕಿಂತ ಹಬೆಯಲ್ಲಿ ಸ್ವಲ್ಪ ಹೊತ್ತು ಬೇಯಿಸುವುದು ಲೇಸು. ಪೂರ್ತಿ ಬೆಂದೇಹೋಯಿತೇ? ಕೆಳಗಿಳಿಸಿ, ಆರಿದ ಮೇಲೆ ಚಿಟಿಕೆ ಹಸಿ ಸಾಸಿವೆಪುಡಿ ಬೆರೆಸಿ. ಸತ್ತ ಕಿಣ್ವದ ಕೆಲಸವನ್ನು ಸಾಸಿವೆಯ ಕಿಣ್ವ ಮಾಡುತ್ತದೆ. ಮೂಲಂಗಿಯನ್ನಂತೂ ಕೋಸಂಬರಿಗೆ ಹಸಿಯಾಗಿಯೇ ತುರಿಯುತ್ತೇವಲ್ಲ, ಅಲ್ಲಿ ಈ ಉಪಾಯವೇ ಬೇಡ.

ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರು ಮಾತ್ರ ಬ್ರೊಕೊಲಿಯನ್ನಾಗಲಿ, ಸೊಪ್ಪನ್ನಾಗಲಿ ಇದ್ದಕ್ಕಿದ್ದಂತೆ ಹೆಚ್ಚಿಸಬಾರದು. ಅವುಗಳಲ್ಲಿರುವ ವಿಟಮಿನ್ ಕೆ ಆ ಔಷಧಿಯ ಬಲ ಕುಗ್ಗಿಸುತ್ತದೆ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಅಳತೆ ಬದಲಿಸುವುದಾದರೆ ಮೊದಲೇ ಡಾಕ್ಟರಿಗೆ ಹೇಳಿ.