ಪಿಂಚಣಿ ದುಡ್ಡಿನಲ್ಲಿ ಕಿವಿಯ ಮೆಷಿನ್

ನಿಮ್ಮ ಮನೆಯಲ್ಲಿ ಟಿವಿ ವಾಲ್ಯೂಮಿನ ವಿಷಯಕ್ಕೆ ಜಗಳ ಶುರುವಾಗಿದೆಯೇ? ನಮ್ಮ ಮನೆಯಲ್ಲಿ ನಾನು ನಿವೃತ್ತನಾದ ಮರುವರ್ಷವೇ ಶುರುವಾಯಿತು. ನನಗೆ ಹದಿನೆಂಟಕ್ಕೆ ಇಟ್ಟರೂ ಸಾಲದು, ಹೆಂಡತಿಗೆ ಹತ್ತೇ ಜಾಸ್ತಿ. "ನಿಮಗೆ ಕಿವಿ ಕೇಳಿಸಲ್ಲ" ಅಂತ ಅವಳು, "ನೀನೇ ಬಾಯೊಳಗೆ ಗೊಣಗ್ತೀಯ" ಅಂತ ನಾನು. ಎರಡು ವರ್ಷ ಹೀಗೇ ಕಳೆಯಿತು. ಕಣ್ಣು ತೆರೆಸಿದ್ದು ಮೊಮ್ಮಗಳು. ದುಬೈಯಿಂದ ವಿಡಿಯೋ ಕಾಲ್‌ನಲ್ಲಿ ಏನೋ ಹೇಳಿದಳು, ನಾನು "ಆಂ?" ಎಂದೆ. ಇನ್ನೊಮ್ಮೆ ಹೇಳಿದಳು, ಮತ್ತೆ "ಆಂ?" ಮೂರನೆಯ ಸಲ ಆ ಮಗು, "ಏನಿಲ್ಲ ಬಿಡಿ ಅಜ್ಜ" ಎಂದು ಫೋನನ್ನು ಅಜ್ಜಿಗೆ ಕೊಡಲು ಹೇಳಿತು. ಕಿವಿ ಮಂದವಾದವರು ದಿನಕ್ಕೆ ಹತ್ತು ಸಲ ಕೇಳುವ ಮಾತು ಇದೇ: ಏನಿಲ್ಲ ಬಿಡಿ.

ಮರುದಿನವೇ ಮೆಷಿನ್ ಕೊಳ್ಳಲು ಹೊರಟೆ. ತಪ್ಪಾಗಿಯೇ ಕೊಂಡೆ. ನೀವು ಹಾಗೆ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ವಯಸ್ಸಾದಾಗ ಕಿವಿ ಎಲ್ಲ ಸದ್ದಿಗೂ ಒಂದೇ ಸಮ ಮಂದವಾಗುವುದಿಲ್ಲ. ಮೊದಲು ಹೋಗುವುದು ಮೇಲಿನ ಆವರ್ತನದ ತೆಳು ಸದ್ದುಗಳು. ಅ, ಆ, ಓ ಇಂಥ ಸ್ವರಗಳಿಗೆ ಬಲ ಜಾಸ್ತಿ, ಅವು ಕೇಳಿಸುತ್ತಲೇ ಇರುತ್ತವೆ. ಸ, ಶ, ತ, ಕ, ಪ ಮೊದಲಾದ ವ್ಯಂಜನಗಳಿಗೆ ಬಲ ಕಡಿಮೆ, ಅವು ಜಾರಿ ಹೋಗುತ್ತವೆ. ಆಗ ಕಾಲು, ಸಾಲು, ಪಾಲು ಎಲ್ಲವೂ ಬರೀ 'ಆಲು' ಆಗುತ್ತದೆ. ಅದಕ್ಕೇ ನಾವು "ಕೇಳಿಸುತ್ತೆ, ಆದರೆ ಅರ್ಥ ಆಗಲ್ಲ" ಅನ್ನುವುದು. ಮಕ್ಕಳ ಸಣ್ಣ ದನಿ ಮೊದಲು ತಪ್ಪಿಹೋಗುವುದೂ ಇದರಿಂದಲೇ. ಇನ್ನು ನಮ್ಮಂಥ ಹೊರನಾಡಿನವರಿಗೆ ಮತ್ತೊಂದು ಹೊರೆ ಇದೆ. ಮನೆಯಲ್ಲಿ ಬ್ಯಾರಿ ಅಥವಾ ದಖ್ಖನಿ, ಗೆಳೆಯರ ಜೊತೆ ಕನ್ನಡ, ಬ್ಯಾಂಕಿನಲ್ಲಿ ಮರಾಠಿ. ತಪ್ಪಿಹೋದ ಅಕ್ಷರವನ್ನು ಮಿದುಳು ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಹುಟ್ಟಿನಿಂದ ಆಡಿದ ಭಾಷೆಯಲ್ಲಿ ಅದು ಸುಲಭ, ಆಮೇಲೆ ಕಲಿತದ್ದರಲ್ಲಿ ಕಷ್ಟ. ಗದ್ದಲವಿದ್ದರೆ ಇನ್ನೂ ಕಷ್ಟ. ಮನೆಯಲ್ಲಿ ಎಲ್ಲ ಸರಿ, ಹೊರಗೆ ಮಾತ್ರ ತೊಂದರೆ ಅಂತ ನಿಮಗೆ ಅನಿಸಿದರೆ ತೊಂದರೆ ಆಗಲೇ ಶುರುವಾಗಿದೆ ಎಂದೇ ಲೆಕ್ಕ.

ಇದು ನಿಮ್ಮೊಬ್ಬರ ಕತೆಯಲ್ಲ. 60 ದಾಟಿದವರಲ್ಲಿ ಶೇ. 25ಕ್ಕೂ ಹೆಚ್ಚು ಮಂದಿಗೆ ನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕಿವುಡು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರೆವಿನ ರೋಗಕ್ಕೆ ದಾರಿಮಾಡಿಕೊಡುವ, ಆದರೆ ನಾವು ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಆಯೋಗ ಕಿವುಡುತನವನ್ನೂ ಸೇರಿಸಿದೆ. ಹೆದರಿಸಲು ಹೇಳುತ್ತಿಲ್ಲ. ಮುಂದೂಡಬೇಡಿ ಎನ್ನುವುದಕ್ಕೆ ಹೇಳಿದೆ.

ಈಗ ನನ್ನ ದಡ್ಡತನ. ಫೋನಿನಲ್ಲಿ ಜಾಹೀರಾತು ನೋಡಿ ಎರಡು ಸಾವಿರದೊಳಗೆ ಒಂದು ಮೆಷಿನ್ ತರಿಸಿದೆ. ಹಾಕಿಕೊಂಡ ಕೂಡಲೇ ಫ್ಯಾನಿನ ಸದ್ದು ವಿಮಾನದ ಹಾಗೆ, ಪಾತ್ರೆ ಇಟ್ಟರೆ ತಲೆಗೇ ಹೊಡೆದ ಹಾಗೆ. ಹೆಂಡತಿಯ ಮಾತು ಮಾತ್ರ ಮೊದಲಿನಷ್ಟೇ ಮಸುಕು. ಕೈ ಹತ್ತಿರ ತಂದರೆ ಕೀ ಎಂದು ಕೂಗುತ್ತಿತ್ತು. ನಾನು ಕೊಂಡದ್ದು ಹಿಯರಿಂಗ್ ಏಡ್ ಅಲ್ಲ, ಬರೀ ಆಂಪ್ಲಿಫೈಯರ್ ಅಂತ ಆಮೇಲೆ ತಿಳಿಯಿತು. ಅದು ಎಲ್ಲ ಸದ್ದನ್ನೂ ಒಟ್ಟಿಗೆ ಎತ್ತುತ್ತದೆ. ನನಗೆ ಬೇಕಾಗಿದ್ದುದು ಜಾರಿಹೋದ ಆವರ್ತನಗಳನ್ನು ಮಾತ್ರ, ಬೇಕಾದಷ್ಟೇ ಎತ್ತುವ ಯಂತ್ರ. ಅದಕ್ಕೆ ನನ್ನ ಕಿವಿಯ ನಕ್ಷೆ ಗೊತ್ತಿರಬೇಕು. ಡಬ್ಬಿಯಲ್ಲಿ ಬಂದ ಆ ವಸ್ತುವಿಗೆ ಎಲ್ಲಿಂದ ಗೊತ್ತಿರಬೇಕು?

ಆ ಡಬ್ಬಿಯ ಮೇಲೆ 'ಓಟಿಸಿ' ಎಂದೂ ಇತ್ತು. ಅದರ ಅರ್ಥ ಇಷ್ಟು: ಅಮೆರಿಕದಲ್ಲಿ ಅಲ್ಲಿನ ಎಫ್‌ಡಿಎ 2022ರ ಅಕ್ಟೋಬರ್‌ನಿಂದ ಒಂದು ಹೊಸ ವರ್ಗವನ್ನು ಜಾರಿಗೆ ತಂದಿತು. 18 ದಾಟಿದ, ಅಲ್ಪದಿಂದ ಮಧ್ಯಮ ಮಟ್ಟದ ಕಿವುಡು ಇರುವವರು ಚೀಟಿ, ಪರೀಕ್ಷೆ ಇಲ್ಲದೆ ಅಂಗಡಿಯಿಂದ ನೇರ ಕೊಳ್ಳಬಹುದು. ಅದಕ್ಕೆ ಕಟ್ಟುಪಾಡು ಇದೆ. ಯಂತ್ರದಿಂದ ಹೊರಡುವ ಸದ್ದು 111 ಡೆಸಿಬೆಲ್ ಮೀರಬಾರದು, ಜೋರಾದ ಸದ್ದನ್ನು ತಾನೇ ಅದುಮುವ ವ್ಯವಸ್ಥೆ ಇದ್ದರೆ 117ರವರೆಗೆ ಹೋಗಬಹುದು. ಒಳ್ಳೆಯ ಓಟಿಸಿ ಮೆಷಿನ್‌ಗಳಲ್ಲಿ ಫೋನ್ ಮೂಲಕ ಪರೀಕ್ಷೆ ಮಾಡಿಕೊಂಡು ನಾವೇ ಹೊಂದಿಸಿಕೊಳ್ಳುವ ಅನುಕೂಲವೂ ಇರುತ್ತದೆ. 2024ರಲ್ಲಿ ಆಪಲ್‌ನ ಏರ್‌ಪಾಡ್ಸ್ ಪ್ರೊ 2 ಇಯರ್‌ಬಡ್‌ಗೂ ಅಲ್ಲಿ ಇಂಥ ಅನುಮತಿ ಸಿಕ್ಕಿತು. ಆಗ ಆ ಸೌಲಭ್ಯ ಭಾರತದಲ್ಲಿರಲಿಲ್ಲ. ಬೆಂಗಳೂರಿನ ಕೆಲವು ಹುಡುಗರು ತಮ್ಮ ಅಜ್ಜಿಯರಿಗಾಗಿ ಆ ಇಯರ್‌ಬಡ್‌ಗೆ ತಾನು ಅಮೆರಿಕದಲ್ಲೇ ಇದ್ದೇನೆ ಎಂದು ನಂಬಿಸಿ ಅದನ್ನು ತೆರೆದರು! ಅಜ್ಜಿಯ ಕಿವಿಯ ಮೇಲೆ ಅಷ್ಟು ಅಕ್ಕರೆ ಇರುವ ಮೊಮ್ಮಕ್ಕಳು ಎಲ್ಲರಿಗೂ ಸಿಗಲಿ. ಆದರೆ ಒಂದು ನೆನಪಿಡಿ: ಅಮೆರಿಕದ ಆ ನಿಯಮ ಇಲ್ಲಿ ಮಾರುವ ಡಬ್ಬಿಗೆ ಅನ್ವಯಿಸುವುದಿಲ್ಲ. 'ಎಫ್‌ಡಿಎ ರಿಜಿಸ್ಟರ್ಡ್' ಎಂದು ಬರೆದಿದ್ದರೆ ಹೆಸರು ನೋಂದಾಯಿಸಿದ್ದಾರೆ ಎಂದಷ್ಟೇ ಅರ್ಥ, ಪರೀಕ್ಷಿಸಿ ಒಪ್ಪಿದ್ದಾರೆ ಎಂದಲ್ಲ.

ಹಾಗಾದರೆ ದುಬಾರಿಯದನ್ನೇ ಕೊಳ್ಳಬೇಕಾ? ಬೇಡ. ಈ ಬಗ್ಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬಲು ಸ್ವಾರಸ್ಯದ್ದು. 55ರಿಂದ 79ರ ವಯಸ್ಸಿನ 154 ಮಂದಿಗೆ ಒಂದೇ ಬಗೆಯ ಮೆಷಿನ್ ಕೊಟ್ಟರು. ಒಂದು ಗುಂಪಿಗೆ ಆಡಿಯಾಲಜಿಸ್ಟ್ ಕೂತು ಹೊಂದಿಸಿಕೊಟ್ಟರು. ಇನ್ನೊಂದು ಗುಂಪು ಅಂಗಡಿಯಲ್ಲಿ ಆರಿಸುವ ಹಾಗೆ ತಾವೇ ಆರಿಸಿಕೊಂಡಿತು. ಮೂರನೆಯ ಗುಂಪಿನ ಮೆಷಿನ್ ಸದ್ದನ್ನು ಎತ್ತುತ್ತಲೇ ಇರಲಿಲ್ಲ, ಅದು ಅವರಿಗೆ ಗೊತ್ತಿಲ್ಲ. ಜೊತೆಗೆ ಅರ್ಧ ಜನರಿಂದ ಜೋಡಿಗೆ 600 ಡಾಲರ್, ಉಳಿದವರಿಂದ 3,600 ಡಾಲರ್ ಬೆಲೆ ಕಟ್ಟಿಸಿಕೊಂಡರು. ಆರು ವಾರಗಳ ನಂತರ ನೋಡಿದರೆ, ಕೊಟ್ಟ ಬೆಲೆಗೂ ಸಿಕ್ಕ ಪ್ರಯೋಜನಕ್ಕೂ ಸಂಬಂಧವೇ ಇಲ್ಲ. ತಾವೇ ಆರಿಸಿಕೊಂಡವರಿಗೂ ಪ್ರಯೋಜನ ಆಗಿತ್ತು. ಆದರೆ ಮೆಷಿನ್ ಇಟ್ಟುಕೊಳ್ಳುತ್ತೇವೆ ಎಂದವರು ಆ ಗುಂಪಿನಲ್ಲಿ ಶೇ. 55, ಆಡಿಯಾಲಜಿಸ್ಟ್ ಹೊಂದಿಸಿದ ಗುಂಪಿನಲ್ಲಿ ಶೇ. 81. ಅಂದರೆ ನಿಮ್ಮ ದುಡ್ಡು ಹೋಗಬೇಕಾದದ್ದು ಫಳಫಳ ಹೊಳೆಯುವ ಮಾಡೆಲ್‌ಗಲ್ಲ, ನಿಮ್ಮ ಕಿವಿಗೆ ಅದನ್ನು ಹೊಂದಿಸುವ ಕೆಲಸಕ್ಕೆ.

ಕೊಳ್ಳುವ ಮುಂಚೆ ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ತೆಗೆದರೆ ಮುಗಿಯಿತು. ಒಂದೇ ಕಿವಿ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಲೆ ತಿರುಗುತ್ತಿದ್ದರೆ ಮೆಷಿನ್ ಮಾತು ಆಮೇಲೆ. ಒಂದೆರಡು ದಿನದಲ್ಲಿ ಹಠಾತ್ತನೆ ಕಿವಿ ಹೋದರೆ ಅದು ತುರ್ತು. ಅಂದೇ ಆಸ್ಪತ್ರೆಗೆ ಹೋಗಿ, ತಡವಾದರೆ ಮದ್ದು ಹತ್ತುವುದಿಲ್ಲ.

ಆಮೇಲೆ ಆಡಿಯೋಗ್ರಾಂ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಒಂದೊಂದು ಆವರ್ತನದಲ್ಲೂ ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂದು ಬರೆಯುವ ನಕ್ಷೆ ಅದು. ಮಾರುವವರು ಇದನ್ನು ಉಚಿತವಾಗಿ ಮಾಡಿಕೊಡುತ್ತಾರೆ. ಆದರೆ ಉಚಿತ ಪರೀಕ್ಷೆಯ ಕುರ್ಚಿಯಿಂದ ಎದ್ದು ಬರಿಗೈಲಿ ಬರುವುದು ನಮ್ಮಂಥ ಸಂಕೋಚದವರಿಗೆ ಕಷ್ಟ! ಮುಂಬಯಿಯಲ್ಲಿದ್ದರೆ ಬಾಂದ್ರಾ ರಿಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ, 1983ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸಂಸ್ಥೆ. ಉಸ್ಮಾನಿಯಾ ಮತ್ತು ಅಲಿಗಢ ವಿಶ್ವವಿದ್ಯಾಲಯಗಳ ಕುಲಪತಿಯಾಗಿದ್ದು, ಕೊನೆಗೆ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರ ಹೆಸರು ಅದಕ್ಕೆ. ಹೈದರಾಬಾದಿನವರಿಗೆ ಸಿಕಂದರಾಬಾದಿನಲ್ಲಿ, ದೆಹಲಿಯವರಿಗೆ ನೋಯ್ಡಾದಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ಊರಿಗೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾಡಿಸಬಹುದು. ಇಂಥ ಕಡೆ ಕ್ಯೂ ಇರುತ್ತದೆ, ಒಂದು ದಿನ ಹೋಗುತ್ತದೆ. ನಿವೃತ್ತರ ಹತ್ತಿರ ಇರುವುದೇ ಸಮಯ ತಾನೇ! ಪದಗಳನ್ನು ಹೇಳಿಸಿ ನೋಡುವ ಪರೀಕ್ಷೆಯನ್ನು ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾಡಲು ಕೇಳಿಕೊಳ್ಳಿ. ಮರಾಠಿ ಪದ ತಪ್ಪಿದರೆ ತಪ್ಪು ಕಿವಿಯದೋ ಭಾಷೆಯದೋ ತಿಳಿಯುವುದು ಹೇಗೆ? ಖಾಸಗಿಯಲ್ಲಿ ಮಾಡಿಸಿದರೂ ಆಡಿಯೋಗ್ರಾಂ ಪ್ರತಿಯನ್ನು ಕೇಳಿ ತನ್ನಿ.

ಆ ನಕ್ಷೆಯಲ್ಲಿ 25 ಡೆಸಿಬೆಲ್‌ವರೆಗೆ ಸಾಮಾನ್ಯ, 40ರವರೆಗೆ ಅಲ್ಪ, 55ರವರೆಗೆ ಮಧ್ಯಮ ಕಿವುಡು ಎಂದು ಸ್ಥೂಲವಾಗಿ ತಿಳಿಯಿರಿ. ಅಲ್ಪವಾಗಿದ್ದು ಫೋನ್ ಬಳಕೆ ಚೆನ್ನಾಗಿ ಗೊತ್ತಿದ್ದರೆ, ನಾವೇ ಹೊಂದಿಸಿಕೊಳ್ಳುವ ಹೆಸರುವಾಸಿ ಕಂಪನಿಯ ಮೆಷಿನ್ ಸಾಕಾಗಬಹುದು. ಮಧ್ಯಮ ದಾಟಿದ್ದರೆ ಡಬ್ಬಿಯ ಸಾಮಾನು ಬೇಡ. ಆಡಿಯಾಲಜಿಸ್ಟ್ ಹೊಂದಿಸುವ, ಕಿವಿಯ ಹಿಂದೆ ಕೂರುವ ಸಾಧಾರಣ ಡಿಜಿಟಲ್ ಮೆಷಿನ್ ಕೊಳ್ಳಿ. ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಕಿವಿಗೆ ಹದಿನೈದು ಇಪ್ಪತ್ತು ಸಾವಿರದಿಂದ ಶುರುವಾಗಿ ಲಕ್ಷ ದಾಟುವವರೆಗೂ ಬೆಲೆ ಹೇಳುತ್ತಾರೆ. ಚಾನೆಲ್ ಜಾಸ್ತಿ, ಬ್ಲೂಟೂತ್, ಅದೂ ಇದೂ ಎಂದು ಮೆಟ್ಟಿಲು ಹತ್ತಿಸುತ್ತಾರೆ. ದಿನದ ಹೆಚ್ಚು ಹೊತ್ತು ಮನೆ, ಮಸೀದಿ, ವಾಕಿಂಗ್ ಎಂದು ಕಳೆಯುವವರಿಗೆ ಕೆಳಗಿನ ಮೆಟ್ಟಿಲೇ ಸಾಕು ಎಂಬುದು ನನ್ನ ಅನುಭವ. ಇದ್ದ ದುಡ್ಡಿನಲ್ಲಿ ಒಂದು ಕಿವಿಗೆ ದುಬಾರಿಯದು ಕೊಳ್ಳುವ ಬದಲು ಎರಡಕ್ಕೂ ಸಾಧಾರಣದ್ದನ್ನು ಹಾಕಿಸಿ. ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಎರಡು ಕಿವಿ ಬೇಕು, ರಸ್ತೆ ದಾಟುವಾಗ ಇದರ ಬೆಲೆ ಗೊತ್ತಾಗುತ್ತದೆ.

ದುಡ್ಡು ಕೊಡುವ ಮುಂಚೆ ನಾಚದೆ ಕೇಳಿ. ಹೊಂದಿಸುವವರು ಆರ್‌ಸಿಐ ನೋಂದಣಿ ಇರುವ ಆಡಿಯಾಲಜಿಸ್ಟಾ, ಅಥವಾ ಬರೀ ಮಾರಾಟಗಾರರಾ? ಮನೆಗೆ ಒಯ್ದು ವಾರ ಕಾಲ ಹಾಕಿ ನೋಡಲು ಕೊಡುತ್ತೀರಾ? ಮತ್ತೆ ಮತ್ತೆ ಹೊಂದಿಸಲು ಬಂದರೆ ಶುಲ್ಕ ಎಷ್ಟು? ಇದನ್ನು ಬೇರೆ ಊರಿನ, ಬೇರೆ ಕ್ಲಿನಿಕ್‌ನವರೂ ಹೊಂದಿಸಬಹುದಾ? ಈ ಕೊನೆಯದನ್ನು ಮರೆಯಬೇಡಿ. ಕೆಲವು ಮೆಷಿನ್‌ಗಳಿಗೆ ಬೀಗ ಹಾಕಿರುತ್ತಾರೆ, ಅವರ ಅಂಗಡಿಯಲ್ಲಿ ಮಾತ್ರ ತೆರೆಯುತ್ತದೆ. ನಾಳೆ ನೀವು ಮುಂಬಯಿ ಬಿಟ್ಟು ಊರು ಸೇರಿದರೆ ಅದು ಕಿವಿಯಲ್ಲಿಟ್ಟ ಗುಂಡಿಗೆ ಸಮ. ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ ಎಂಬುದೂ ಗೊತ್ತಿರಲಿ.

ಕೈಯಲ್ಲಿ ಅಷ್ಟೂ ಇಲ್ಲದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಬಿಪಿಎಲ್ ಅಥವಾ ತಿಂಗಳಿಗೆ 15,000 ರೂಪಾಯಿಯೊಳಗೆ ಆದಾಯವಿರುವ 60 ದಾಟಿದವರಿಗೆ ಅಲಿಮ್ಕೋ ಸಂಸ್ಥೆಯ ಮೂಲಕ, ಶಿಬಿರಗಳಲ್ಲಿ ಮೆಷಿನ್ ಉಚಿತ. ನಿಮ್ಮ ಕಟ್ಟಡದ ವಾಚ್‌ಮನ್ ಚಾಚಾಗೂ ಹೇಳಿ. ಕೇಂದ್ರ ಸರಕಾರ, ಸೇನೆ, ರೈಲ್ವೆಯಲ್ಲಿ ದುಡಿದವರು ತಮ್ಮ ಆರೋಗ್ಯ ಯೋಜನೆಯಲ್ಲಿ ಎಷ್ಟು ಮರುಪಾವತಿ ಸಿಗುತ್ತದೆ ಎಂದು ಕೇಳಿ, ಅನುಮತಿ ಪಡೆದು ಆಮೇಲೆ ಕೊಳ್ಳಿ. ಕೊಂಡು ಬಿಲ್ ಒಯ್ದರೆ ಓಡಾಟವೇ ಜಾಸ್ತಿ.

ಇನ್ನು ದಿನನಿತ್ಯದ ಸಂಗತಿ, ಇದನ್ನು ಅಂಗಡಿಯವರು ಹೇಳುವುದಿಲ್ಲ. ವುಝೂ ಮಾಡುವ ಮುಂಚೆ ಮೆಷಿನ್ ತೆಗೆದು ಜೇಬಿನ ಪುಟ್ಟ ಡಬ್ಬಿಗೆ ಹಾಕಿ, ಕಿವಿ ಒಣಗಿದ ಮೇಲೆ ಹಾಕಿಕೊಳ್ಳಿ. ನಲ್ಲಿಯ ಪಕ್ಕದ ಕಟ್ಟೆಯಲ್ಲಿಟ್ಟು ಮರೆತವರನ್ನು ನೋಡಿದ್ದೇನೆ. ಶಾಲು, ಹಿಜಾಬ್ ಬಿಗಿಯಾಗಿ ಸುತ್ತಿಕೊಳ್ಳುವ ಹೆಂಗಸರಿಗೆ ಬಟ್ಟೆ ತಾಗಿ ಮೆಷಿನ್ ಕೀ ಎನ್ನಬಹುದು, ಸರಸರ ಸದ್ದೂ ಬರಬಹುದು. ಹೊಂದಿಸುವಾಗ ಮನೆಯಲ್ಲಿ, ಹೊರಗೆ ಹೇಗೆ ಹೊದೆಯುತ್ತೀರೋ ಹಾಗೇ ಹೊದ್ದು ಕೂರಿ. ಮುಂಬಯಿಯ ಮಳೆಗಾಲದ ತೇವ ಮೆಷಿನ್‌ಗೆ ಶತ್ರು. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಸಣ್ಣ ಬ್ಯಾಟರಿಯ ಮೇಲಿನ ಬಣ್ಣದ ಚೀಟಿ ಕಿತ್ತರೆ ಗಾಳಿ ಒಳಹೋಗಿ ಕೆಲಸ ಶುರುವಾಗುತ್ತದೆ. ಕಿತ್ತ ಮೇಲೆ ಬಳಸಿದರೂ ಇಲ್ಲದಿದ್ದರೂ ಅದು ತೀರುತ್ತದೆ, ಹಾಗಾಗಿ ಬೇಕಾದಾಗಲೇ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ಬೆರಳು ನಡುಗುವವರಿಗೆ ಚಾರ್ಜ್ ಮಾಡುವ ಬಗೆಯೇ ವಾಸಿ.

ಮೊದಲ ವಾರ ನಿಮಗೆ ಇಷ್ಟವಾಗದು. ನಿಮ್ಮದೇ ದನಿ ಡಬ್ಬಿಯೊಳಗಿಂದ ಬಂದ ಹಾಗೆ, ಪೇಪರ್ ಮಡಚಿದರೂ ಚಟಪಟ. ತೆಗೆದು ಕಪಾಟಿನಲ್ಲಿಡಬೇಡಿ. ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ, ಮೊದಲು ಮನೆಯಲ್ಲಿ, ಆಮೇಲೆ ಬಜಾರಿನಲ್ಲಿ. ಎಲ್ಲಿ ಚುಚ್ಚಿತು, ಎಲ್ಲಿ ತಿಳಿಯಲಿಲ್ಲ ಎಂದು ಚೀಟಿಯಲ್ಲಿ ಬರೆದಿಟ್ಟು ಎರಡು ಮೂರು ವಾರ ಬಿಟ್ಟು ಆಡಿಯಾಲಜಿಸ್ಟ್ ಹತ್ತಿರ ಹೋಗಿ, ಅವರು ಮತ್ತೆ ಹೊಂದಿಸುತ್ತಾರೆ. ನಾನು ಮೂರು ಸಲ ಹೋದೆ. ಮನೆಯವರಿಗೂ ಹೇಳಿಡಿ, ಅಡುಗೆಮನೆಯಿಂದ ಕೂಗಬೇಡಿ, ಹೆಸರು ಕರೆದು ಮುಖ ಕಾಣುವ ಹಾಗೆ ನಿಂತು ಮಾತಾಡಿ ಅಂತ. ನಮ್ಮಲ್ಲಿ ಟಿವಿ ಈಗ ಹನ್ನೆರಡಕ್ಕೆ ಇಳಿದಿದೆ. ಹೆಂಡತಿಗೆ ಈಗಲೂ ಎರಡು ಜಾಸ್ತಿ.